ಆಯಿಯ ಸೂಜಿ, ಮುತ್ಯಾನ ತೋಟಾ

ನಮ್ಮ ಆಯಿ ಕೌದಿ ಹೊಲಿಯುವ ಸೂಜಿಗಳನ್ನು ಹಿತ್ತಾಳೆಯ ಒಂದು ಕೊಳವೆಯಲ್ಲಿ ಇಡುತ್ತಿದ್ದಳು. ಕಮಲಾಪುರದ ಹಳೆಯ ಮನೆಯಲ್ಲಿ, ದೀಪದ ಮಾಡದ ಪಕ್ಕದ ಇನ್ನೊಂದು ಮಾಡದಲ್ಲಿ ಅದರ ಜಾಗ. ಮೂರು ಇಂಚು ಉದ್ದ, ಬಾಯಿಗೆ ಬಟ್ಟೆಯ ಬಿರಡೆ, ತಳಕ್ಕೆ ಮೇಣ. ಚಿಕ್ಕವನಾಗಿದ್ದಾಗ ಅದನ್ನು ಸೂಜಿಗಾಗಿಯೇ ಮಾಡಿದ ಡಬ್ಬಿ ಎಂದುಕೊಂಡಿದ್ದೆ. ಆಯಿ ಹೋದಮೇಲೆ ಅದು ನನ್ನ ಜೊತೆ ಕಲಬುರಗಿಗೆ ಬಂತು. ಈಗ ಸೇಡಂ ರಸ್ತೆಯ ನಮ್ಮ ಮನೆಯಲ್ಲಿ, ನಾನು ಬರೆಯುವ ಮೇಜಿನ ಮೇಲೆ ಇದೆ.

ಮೂರು ಬೇಸಿಗೆಯ ಹಿಂದೆ ಬಿಸಿಲಿಗೆ ಆ ಮೇಣ ಕರಗಿ ಬಿತ್ತು. ಕಲಬುರಗಿಯ ಮೇ ತಿಂಗಳು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮೇಣದ ಕೆಳಗೆ ಒಂದು ದುಂಡನೆಯ ಕುಳಿ, ಅದರ ಸುತ್ತ ಸವೆದ ಇಂಗ್ಲಿಷ್ ಅಕ್ಷರ: ಕೈನಾಕ್. ಎದುರಿಗೆ 500 ಎಂಬ ಅಂಕಿ. ಸೂಜಿಗಳನ್ನು ಹೊರಗೆ ಸುರಿದು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಎರಡು ಚುಕ್ಕಿ ಬೆಳಕು, ಅಕ್ಕಪಕ್ಕ, ಸಾಸಿವೆಗಿಂತ ಸಣ್ಣವು. ಆಯಿ ಮೇಣ ಯಾಕೆ ಮೆತ್ತಿದ್ದಳೆಂದು ಆಗ ತಿಳಿಯಿತು. ಆ ತೂತುಗಳಲ್ಲಿ ಸಣ್ಣ ಸೂಜಿಯ ಮೊನೆ ಹೊರಗೆ ಇಣುಕಿ ಕೈಗೆ ಚುಚ್ಚುತ್ತಿದ್ದಿರಬೇಕು.

ಅದು ರೈಫಲ್ಲಿನ ಖಾಲಿ ತೋಟಾ. ಮುತ್ಯಾ ಹುಡುಗನಾಗಿದ್ದಾಗ ಜಾಗೀರದಾರರೊಬ್ಬರ ಶಿಕಾರಿ ಬಿಡಾರದಲ್ಲಿ ತೋಟಾದ ಚೀಲ ಹೊರುತ್ತಿದ್ದ. ಆ ಕಾಲದ ಸುದ್ದಿ ಅವನ ಬಾಯಲ್ಲಿ ಹುಲಿಯದಲ್ಲ, ಚಿರತೆಯದಲ್ಲ, ಲೆಕ್ಕದ್ದು.

‘ಹಾರಿದ ಮ್ಯಾಲ ಖಾಲಿ ತೋಟಾ ಹುಡುಕೋದು ನನ್ನ ಕೆಲಸ ಇತ್ತು ತಮ್ಮಾ. ಹುಲ್ಲಾಗ ಬಿದ್ದದ್ದು ಸಿಗಲಿಲ್ಲಂದ್ರ ಕತ್ಲಾಗೂತನ ಹುಡುಕಬೇಕು. ಹತ್ತು ಕೊಟ್ರ ಹತ್ತು ವಾಪಸ್ ಎಣಿಸಿ ತಗೋತಿದ್ರು.’

‘ಖಾಲಿ ತಗೊಂಡು ಏನ್ ಮಾಡ್ತಿದ್ರು ಮುತ್ಯಾ?’

‘ಮತ್ತ ತುಂಬ್ತಿದ್ರು. ಹಗಲಾಗಷ್ಟೇ. ದೀಪ ಹಚ್ಚೋ ಹೊತ್ತಿಗಿ ಮದ್ದಿನ ಡಬ್ಬಿ ಮುಚ್ಚಿ ಇಡಬೇಕು. ಅಲ್ಲಿ ಬೀಡಿ ಸುದ್ದಿ ತಗೀಬಾರ್ದು.’

ಹತ್ತರಲ್ಲಿ ಒಂದು ಹೇಗೆ ನಮ್ಮ ಮನೆಗೆ ಬಂತೆಂದು ಅವನು ಹೇಳಲಿಲ್ಲ, ಕೇಳಬೇಕೆಂದು ನನಗೂ ಆಗ ಗೊತ್ತಿರಲಿಲ್ಲ. ಆದರೆ ‘ಮತ್ತ ತುಂಬ್ತಿದ್ರು’ ಎಂಬ ಮಾತು ನನ್ನನ್ನು ಬಿಡಲಿಲ್ಲ. ಬಂದೂಕಿನ ಕಥೆಯನ್ನು ನಾವು ಯಾವಾಗಲೂ ಬಂದೂಕಿನ ಕಡೆಯಿಂದ ಹೇಳುತ್ತೇವೆ. ಯಾರು ಮಾಡಿದರು, ಯಾರು ಹಿಡಿದರು, ಯಾರ ಎದೆಗೆ ಹೊಡೆದರು. ಅದಕ್ಕೆ ಉಣ್ಣಿಸಿದವರ ಕಡೆಯಿಂದ ನೋಡಿದರೆ ನಮ್ಮ ಈ ಸೀಮೆಯ ಚರಿತ್ರೆಯೇ ಬೇರೆಯಾಗಿ ಕಾಣುತ್ತದೆ. ನಳಿಗೆ ನೂರಾರು ವರ್ಷ ಬಾಳುತ್ತದೆ. ಅದರ ಊಟ ಯಾರ ಕೈಯಲ್ಲಿದೆಯೋ ಅವರದೇ ಆಳ್ವಿಕೆ.

ತೋಟಾ ಎಂದರೆ ನಾಲ್ಕು ವಸ್ತುಗಳ ಕೂಟ: ಹಿತ್ತಾಳೆಯ ಚಿಪ್ಪು, ತಳದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಕುದುರೆ ಬಿದ್ದಾಗ ಕೇಪು ಸುಡುತ್ತದೆ, ಮದ್ದು ಉರಿಯುತ್ತದೆ, ಗುಂಡು ಹೋಗುತ್ತದೆ. ಚಿಪ್ಪು ಮಾತ್ರ ಉಳಿಯುತ್ತದೆ. ಮದ್ದು ಉರಿದ ಕ್ಷಣ ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಂಡು ಬೆಂಕಿ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಮರುಕ್ಷಣ ಸ್ವಲ್ಪ ಕುಗ್ಗಿ ಸಡಿಲವಾಗಿ ಕೈಗೆ ಬರುತ್ತದೆ. ಕಬ್ಬಿಣಕ್ಕಾಗಲಿ ಬರೀ ತಾಮ್ರಕ್ಕಾಗಲಿ ಈ ಗುಣ ಇಷ್ಟಿಲ್ಲ. ನಾಲ್ಕರಲ್ಲಿ ಬೆಲೆಬಾಳುವುದೂ ಮಾಡಲು ಕಷ್ಟವಾದುದೂ ಈ ಚಿಪ್ಪೇ. ಹುಲ್ಲಿನಲ್ಲಿ ಹುಡುಗರನ್ನು ಹುಡುಕಾಡಿಸಿದ್ದು ಅದಕ್ಕೇ.

ಬೆಳಕಿಗೆ ಹಿಡಿದಾಗ ಕಂಡ ಎರಡು ಚುಕ್ಕಿಗೂ ಒಂದು ಕಥೆ ಇದೆ. ಕೇಪಿನ ಕಿಡಿ ಮದ್ದಿಗೆ ಮುಟ್ಟಬೇಕಾದರೆ ತಳದಲ್ಲಿ ದಾರಿ ಬೇಕು. ಎರಡು ಸಣ್ಣ ತೂತಿನ ಪದ್ಧತಿ ಅಮೆರಿಕದ ಹೈರಮ್ ಬರ್ಡನ್ ಎಂಬವನದು, ನಡುವೆ ಒಂದೇ ತೂತಿನ ಪದ್ಧತಿ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್‌ನದು. ಕೊನೆಗೆ ಆದದ್ದು ಅದಲುಬದಲು. ಇಂಗ್ಲೆಂಡ್ ಬರ್ಡನ್‌ನನ್ನು ಒಪ್ಪಿತು, ಅಮೆರಿಕ ಬಾಕ್ಸರ್‌ನನ್ನು ಒಪ್ಪಿತು. ಒಂದು ತೂತಿನದಾದರೆ ಬಾಯಿಯಿಂದ ಕಡ್ಡಿ ಇಳಿಸಿ ಸುಟ್ಟ ಕೇಪನ್ನು ಹೊರಗೆ ತಳ್ಳಬಹುದು. ಎರಡು ತೂತಿನದಾದರೆ ಕಡ್ಡಿ ತಾಗುವುದಿಲ್ಲ, ಹೊರಗಿನಿಂದ ಮೀಟಿ ಕೀಳಬೇಕು. ನಮ್ಮ ಮನೆಯ ಚಿಪ್ಪಿನ ಕುಳಿಯ ಅಂಚಿನಲ್ಲಿ ಅಂಥ ಮೀಟಿದ ಗೀರುಗಳಿವೆ. ಒಂದಲ್ಲ, ಹಲವು. ಎಷ್ಟು ಸಲ ತುಂಬಿದ್ದರೋ ಅದನ್ನು.

ತೋಟಾ ಬರುವ ಮೊದಲು ಊಟ ಊರಿನಲ್ಲೇ ಇತ್ತು. ನಮ್ಮ ಕಡೆ ಭರಮಾರ ಎನ್ನುವ, ಬಾಯಿಯಿಂದ ಬಾರು ಮಾಡುವ ಬಂದೂಕಿಗೆ ಬೇಕಾದದ್ದು ಮದ್ದು, ಸೀಸದ ಗುಂಡು, ನಡುವೆ ಒತ್ತಲು ನಾರು ಇಲ್ಲವೇ ಚಿಂದಿ, ಗಿಡಿಯಲು ಒಂದು ಗಜ. ಮದ್ದಿನ ಮೂರು ಪದಾರ್ಥಗಳಲ್ಲಿ ಇದ್ದಿಲು ಹಿತ್ತಲಲ್ಲಿ, ಗಂಧಕ ಸಂತೆಯಲ್ಲಿ, ಪೆಟ್ಲುಪ್ಪು ನೆಲದಲ್ಲಿ. ದನಕಟ್ಟುವ ಹಳೆಯ ಕೊಟ್ಟಿಗೆಯ ಗೋಡೆಬುಡದಲ್ಲಿ, ಹಾಳುಬಿದ್ದ ಊರುಗಳ ದಿಬ್ಬಗಳಲ್ಲಿ ಬಿಳಿಯ ಹೂವಿನ ಹಾಗೆ ಏಳುವ ಉಪ್ಪು ಅದು. ಆ ಮಣ್ಣನ್ನು ನೀರಲ್ಲಿ ನೆನೆಸಿ, ಸೋಸಿ, ಕುದಿಸಿ ಹರಳು ಮಾಡುವ ಕಸುಬೇ ಹಲವು ಕುಟುಂಬಗಳಿಗೆ ಅನ್ನವಾಗಿತ್ತು. ಗುಂಡು ತನ್ನ ನಳಿಗೆಯ ಅಳತೆಗೆ ಸರಿಯಾಗಿರಲಿ ಎಂದು ಬಂದೂಕುಗಾರ ಅಚ್ಚನ್ನು ಜೊತೆಗೇ ಇಟ್ಟುಕೊಳ್ಳುತ್ತಿದ್ದ. ಅಂದರೆ ಆಯುಧ ಎಲ್ಲಿಂದ ಬಂದಿದ್ದರೂ ಅದರ ಹೊಟ್ಟೆಪಾಡು ಹಿಡಿದವನ ಕೈಯಲ್ಲೇ ಇತ್ತು.

ಇದರ ಬಲ ಎಷ್ಟೆಂದು ಔರಂಗಜೇಬ ಕಂಡದ್ದು ನಮ್ಮ ಪಕ್ಕದಲ್ಲೇ. ಸುರಪುರದ ಬೇಡ ನಾಯಕರ ಪಡೆಯ ಜೀವಾಳ ಕಾಲಾಳು ಬಂದೂಕುಗಾರರು. ಗುರಿಗೆ ಹೆಸರಾದವರು, ವಿಜಯಪುರದ ಸುಲ್ತಾನರೂ ಅವರನ್ನು ನೆಚ್ಚಿಕೊಂಡಿದ್ದರು. 1705ರ ಫೆಬ್ರುವರಿಯಲ್ಲಿ ಆ ಮುದಿ ಬಾದಶಹ ತಾನೇ ಬಂದು ವಾಗಣಗೇರಾಕ್ಕೆ ಮುತ್ತಿಗೆ ಹಾಕಿದ. ಕೋಟೆ ಕೈಗೆ ಬರಲು ಏಪ್ರಿಲ್ ಮುಗಿಯಬೇಕಾಯಿತು. ಆಗಲೂ ಪಿಡ್ಡನಾಯಕ ರಾತ್ರೋರಾತ್ರಿ ತಪ್ಪಿಸಿಕೊಂಡಿದ್ದ. ಔರಂಗಜೇಬನ ಬಾಳಿನ ಕಡೆಯ ದೊಡ್ಡ ಮುತ್ತಿಗೆ ಅದು. ಎರಡು ವರ್ಷದಲ್ಲಿ ಅವನು ತೀರಿಕೊಂಡ. ಒಂದು ಸಾಮ್ರಾಜ್ಯದ ತೋಪಿನ ಸಾಲನ್ನು ಇಷ್ಟು ದಿನ ತಡೆದು ನಿಲ್ಲಿಸಿದವರು ತಮ್ಮ ಗುಡ್ಡದ ಸಂದಿಯಲ್ಲಿ ಕೂತು ಗಜ ಗಿಡಿಯುತ್ತಿದ್ದ ಜನ.

ಕಲಬುರಗಿಯ ಕೋಟೆಗೆ ಹೋದವರು ಅಲ್ಲಿ ಮಲಗಿರುವ ಬಾರಾ ಗಜಿ ತೋಪನ್ನು ನೋಡಿರುತ್ತೀರಿ. ಅಳೆದವರು 29 ಅಡಿ ಎನ್ನುತ್ತಾರೆ, ಜಗತ್ತಿನಲ್ಲೇ ಉದ್ದದ್ದು ಎಂಬ ವಾದವೂ ಇದೆ. ಉದ್ದದ ಹೆಮ್ಮೆ ಇರಲಿ. ನನಗೆ ಅದರ ಬಾಯಿಯ ಮುಂದೆ ನಿಂತಾಗ ಬರುವ ಯೋಚನೆ ಬೇರೆ. ಅಷ್ಟು ಉದ್ದದ ಕೊಳವೆಯ ತಳಕ್ಕೆ ಮದ್ದು ಇಳಿಸಲು ಎಷ್ಟು ಉದ್ದದ ಕೋಲು ಬೇಕು, ಎಷ್ಟು ಮಂದಿ ಕೋಟೆಯ ಅಂಚಿನಲ್ಲಿ ಎದೆ ತೆರೆದು ನಿಲ್ಲಬೇಕು, ಒಂದು ಸಲ ಹಾರಿಸಿ ಮತ್ತೆ ತುಂಬುವುದರೊಳಗೆ ಹಗೆ ಎಲ್ಲಿಯವರೆಗೆ ಬಂದಿರುತ್ತಾನೆ? ಫಲಕದಲ್ಲಿ ತೋಪಿನ ಅಳತೆ ಬರೆಯುತ್ತೇವೆ, ಬಾರು ಮಾಡಿದವರ ಕೆಲಸದ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ಈ ವಿಷಯದಲ್ಲಿ ಪುಣ್ಯವಂತ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ ಆ ತೋಪಿಗೆ 1565ರ ತಾಳಿಕೋಟೆ ಕಾಳಗದಲ್ಲಿ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲಗಳನ್ನೇ ತುಂಬಿ ಹಾರಿಸಿದರೆಂಬ ಮಾತು ಉಳಿದುಕೊಂಡಿದೆ. ಏನನ್ನು ತುಂಬಿದರು ಎಂಬ ನೆನಪು ಉಳಿದದ್ದರಿಂದಲೇ ಆ ತೋಪು ಇಂದಿಗೂ ಜೀವಂತವಾಗಿ ಕಾಣುತ್ತದೆ.

1857ರ ಕಥೆ ಎಲ್ಲರಿಗೂ ಗೊತ್ತು. ಎನ್‌ಫೀಲ್ಡ್ ಬಂದೂಕಿನ ತೋಟಾ ಆಗ ಕಾಗದದ ಸುರುಳಿ. ಒಳಗೆ ಒಂದು ಹೊಡೆತದ ಮದ್ದು ಮತ್ತು ಗುಂಡು, ಹೊರಗೆ ಜಿಡ್ಡು, ಹಲ್ಲಿನಿಂದ ಕಚ್ಚಿ ಹರಿಯಬೇಕು. ಆ ಜಿಡ್ಡು ಹಸುವಿನದೋ ಹಂದಿಯದೋ ಎಂಬ ಸಂಶಯ ಕಾಡ್ಗಿಚ್ಚಾಯಿತು. ನಾನು ಇಲ್ಲಿ ನೋಡಬೇಕೆನ್ನುವುದು ಇನ್ನೊಂದು ಮಗ್ಗುಲನ್ನು. ಅಳೆದು, ಸುತ್ತಿ, ಜಿಡ್ಡು ಹಚ್ಚಿ ಎಲ್ಲಿಂದಲೋ ಬಂದ ತೋಟಾದಲ್ಲಿ ಏನಿದೆ ಎಂದು ಸಿಪಾಯಿಗೆ ತಿಳಿಯುವ ದಾರಿ ಇರಲಿಲ್ಲ. ಅವನ ಅಜ್ಜ ತನ್ನ ಮದ್ದನ್ನು ತಾನೇ ಅರೆದಿದ್ದ, ತನ್ನ ಗುಂಡನ್ನು ತಾನೇ ಎರೆದಿದ್ದ. ಮೊಮ್ಮಗ ಬೇರೆಯವರು ಕಟ್ಟಿಕೊಟ್ಟ ಬುತ್ತಿಯನ್ನು ಬಾಯಿಗೆ ಇಟ್ಟುಕೊಳ್ಳಬೇಕಾಗಿತ್ತು.

ಅದೇ ವರ್ಷ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಕೊಡಲೊಲ್ಲೆವು ಎಂದರು. ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಅವರನ್ನು ಮರೆಯಲು ಬಿಡಲಿಲ್ಲ. ಮರುವರ್ಷ ಫೆಬ್ರುವರಿಯಲ್ಲಿ ಸುರಪುರದ ಸರದಿ. ರಾಜಾ ವೆಂಕಟಪ್ಪ ನಾಯಕ ಸೆರೆಸಿಕ್ಕು, ಸೆರೆಯಲ್ಲಿರುವಾಗಲೇ ರಿವಾಲ್ವರಿನ ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡನೆಂದು ಅವನನ್ನು ಬೆಳೆಸಿದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಬರೆದಿಟ್ಟಿದ್ದಾನೆ. ಕೊಂದರು ಎಂದು ನಂಬುವವರು ಸುರಪುರ ಸೀಮೆಯಲ್ಲಿ ಇಂದಿಗೂ ಇದ್ದಾರೆ.

ಇದರ ನಂತರ ನಡೆದದ್ದು ಸದ್ದಿಲ್ಲದ ಕೆಲಸ, ಆದ್ದರಿಂದ ಪಠ್ಯಪುಸ್ತಕಕ್ಕೆ ಬರಲಿಲ್ಲ. ಎನ್‌ಫೀಲ್ಡ್‌ನ ಬಲ ಇದ್ದದ್ದು ನಳಿಗೆಯೊಳಗಿನ ತಿರುಪಿನ ಗೆರೆಗಳಲ್ಲಿ. ದಂಗೆಯ ಬಳಿಕ ಭಾರತೀಯ ಸಿಪಾಯಿಗಳಿಗಾಗಿ ಅದೇ ಮಾದರಿಯಲ್ಲಿ ಗೆರೆಯಿಲ್ಲದ, ನುಣ್ಣನೆಯ ಅಗಲ ನಳಿಗೆಯ ಬಂದೂಕು ಮಾಡಿಕೊಟ್ಟರು. ನೋಡಲು ಅದೇ, ಗುರಿ ಮಾತ್ರ ಹತ್ತಿರದ್ದು. 1878ರಲ್ಲಿ ಆಯುಧ ಕಾಯಿದೆ ಬಂತು. 20ನೇ ಶತಮಾನದ ಹೊಸ್ತಿಲಲ್ಲಿ ಸೇನೆಯ .303, ನಮ್ಮ ಜನರ ಬಾಯಲ್ಲಿ ತ್ರೀ ನಾಟ್ ತ್ರೀ, ಖಾಸಗಿಯವರ ಕೈಗೆ ಸಿಗದಂತಾಯಿತು. 1907ರಲ್ಲಿ .450 ಅಳತೆಯ ದೊಡ್ಡ ಶಿಕಾರಿ ರೈಫಲ್ಲುಗಳಿಗೂ ಭಾರತದ ಬಾಗಿಲು ಮುಚ್ಚಿತು. ಕಾರಣ ಹುಲಿಯ ಮೇಲಿನ ಕರುಣೆಯಲ್ಲ. ಹಳೆಯ ಸೇನಾ ಬಂದೂಕುಗಳ ಅಳತೆಯೂ .450 ಆದ್ದರಿಂದ ಶಿಕಾರಿಗೆಂದು ತಂದ ತೋಟಾದ ಗುಂಡು, ಮದ್ದು ಬಂಡುಕೋರರ ಕೈ ಸೇರಬಹುದೆಂಬ ಭಯ. ಆ ಒಂದು ಆಜ್ಞೆಗೆ ಲಂಡನ್ನಿನ ಬಂದೂಕು ಕಂಪನಿಗಳು ಕಂಗಾಲಾಗಿ .465, .470, .475, .476 ಎಂದು ಹೊಸ ಹೊಸ ಅಳತೆ ಹುಟ್ಟಿಸಿದವು. ಇಂದು ಆಫ್ರಿಕಾದ ಬೇಟೆಗಾರರು ಹೆಮ್ಮೆಪಡುವ .470 ರೈಫಲ್ ಹುಟ್ಟಿದ್ದು ಭಾರತದ ಒಂದು ನಿಷೇಧದಿಂದ. ನಮ್ಮಲ್ಲಿ ಈಗಲೂ ಲೈಸೆನ್ಸಿಗೆ ಸಿಗುವ .315 ರೈಫಲ್ ಕೂಡ ಅದೇ ಭಯದ ಕೂಸು. ತ್ರೀ ನಾಟ್ ತ್ರೀಯ ತೋಟಾ ಅದಕ್ಕೆ ಹಿಡಿಸಬಾರದು, ಅಷ್ಟೇ ಅದರ ಜನ್ಮಕಾರಣ. ಯಾರೂ ಬಂದೂಕನ್ನು ಮುರಿಯಲಿಲ್ಲ, ಅದರ ಬಾಯಿಯ ಅಳತೆ ಬದಲಿಸಿದರು.

ಮುತ್ಯಾನ ತೋಟಾದ ಮಾತಿಗೆ ಬರುತ್ತೇನೆ. .500 ಎಂದರೆ ಅರ್ಧ ಇಂಚು ಅಗಲದ ಗುಂಡು. ಬ್ರಿಟಿಷ್ ಭಾರತದ ಶಿಕಾರಿಗಳಿಗೆ ಬಹಳ ಪ್ರಿಯವಾಗಿದ್ದ ಅಳತೆ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಹೆಸರಾಂತ ಗುರಿಕಾರ. ರಾಜಾ ದೀನ್ ದಯಾಳ್ ತೆಗೆದ ಶಿಕಾರಿಯ ಚಿತ್ರಗಳಲ್ಲಿ ಆ ಕಾಲದ ಜೋಡು ನಳಿಗೆಗಳನ್ನು ನೋಡಬಹುದು. ದೊರೆಯ ಚಟ ಜಾಗೀರದಾರರಿಗೂ ಇಳಿದಿತ್ತು. ಕೈನಾಕ್ ಎಂಬುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ. ಅಲ್ಲಿಂದ ಹಡಗಿನಲ್ಲಿ ಬಂದು, ರೈಲಿನಲ್ಲಿ ಇಳಿದು, ಮುತ್ಯಾನ ಹೆಗಲ ಚೀಲಕ್ಕೆ ಬರುವ ಹೊತ್ತಿಗೆ ಒಂದು ತೋಟಾದ ಬೆಲೆ ಅವನ ಕೂಲಿಯನ್ನು ಮೀರಿತ್ತೆಂದು ಅವನೇ ಹೇಳುತ್ತಿದ್ದ.

ಈ .500ರ ವಿಚಿತ್ರ, ಮತ್ತು ಇದರ ಅಪಾಯ, ಒಂದೇ ಜಾಗದಲ್ಲಿದೆ. ಮೂರಿಂಚಿನ ಇದೇ ಚಿಪ್ಪಿಗೆ ಮೂರು ಬಗೆಯ ಊಟ ಇತ್ತು. ಮೊದಲನೆಯದು ಹಳೆಯ ಕರಿಮದ್ದು. 1889ರಲ್ಲಿ ಅಬೆಲ್ ಮತ್ತು ಡೆವಾರ್ ಎಂಬ ವಿಜ್ಞಾನಿಗಳು ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಕಂಡುಹಿಡಿದರು. ನೋಡಲು ಶಾವಿಗೆಯ ಎಳೆ. ನಮ್ಮ ರಾಜ್ಯದ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲಿ ಸರಕಾರ ಅದರ ಕಾರ್ಖಾನೆಯನ್ನೇ ತೆರೆಯಿತು. ಕರಿಮದ್ದಿನ ಕಾಲದ ಹಳೆಯ ರೈಫಲ್ಲುಗಳಿಗೆಂದು ಕಾರ್ಡೈಟನ್ನು ಮೆದುವಾಗಿ ಅಳೆದು ತುಂಬಿದ್ದು ಎರಡನೆಯ ಊಟ. ಹೊಸ ಗಟ್ಟಿ ಉಕ್ಕಿನ ನಳಿಗೆಗೆ ಪೂರ್ತಿ ಖಾರದ ಊಟ ಮೂರನೆಯದು. ಚಿಪ್ಪಿನ ಉದ್ದ, ಅಗಲ, ಅಂಚು ಎಲ್ಲ ಒಂದೇ. ಖಾರದ ತೋಟಾ ಹಳೆಯ ನಳಿಗೆಯೊಳಗೂ ಸಲೀಸಾಗಿ ಕೂರುತ್ತದೆ. ಕೂತ ಮೇಲೆ ಏನಾಗುತ್ತದೆ ಎಂಬುದೇ ಪ್ರಶ್ನೆ. ಕರಿಮದ್ದು ಬಯಲಲ್ಲಿ ಹೇಗೋ ಮುಚ್ಚಿದ ಜಾಗದಲ್ಲೂ ಸುಮಾರಾಗಿ ಹಾಗೆಯೇ ಭಗ್ಗೆನ್ನುತ್ತದೆ. ಹೊಗೆಯಿಲ್ಲದ ಮದ್ದು ಬಯಲಲ್ಲಿ ಸಾಧು, ಒತ್ತಡ ಏರಿದಷ್ಟೂ ಅದರ ಉರಿಯ ವೇಗವೂ ಏರುತ್ತದೆ. ಹಳೆಯ ನಳಿಗೆಗೆ ಅದನ್ನು ತಾಳುವ ಶಕ್ತಿ ಇರುವುದಿಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆಯಾದರಂತೂ ಬೆಸುಗೆಯ ಒಂದೊಂದು ಗೆರೆಯೂ ಒಂದೊಂದು ಬಿರುಕಾಗಬಹುದು. ಎಡಗೈ ಹಿಡಿಯುವುದು ಆ ನಳಿಗೆಯನ್ನೇ.

ಹಾಗಾಗಿ ತೋಟಾ ತುಂಬುವುದು ಹೊಟ್ಟು ತುಂಬಿದ ಹಾಗೆ ಅಲ್ಲ. ಮದ್ದಿನ ಡಬ್ಬಿ ಬಳಿ ಬೀಡಿ ಸುದ್ದಿ ತೆಗೆಯಬಾರದೆಂದು ಅಂಜಿದ, ಬಿಡಾರದಲ್ಲಿ ತೋಟಾ ತುಂಬುತ್ತಿದ್ದ ಆ ಮನುಷ್ಯನಿಗೆ ಯಾವ ನಳಿಗೆಗೆ ಯಾವ ಊಟ ಎಂದು ಗೊತ್ತಿತ್ತು. ಅವನ ಹೆಸರು ನನ್ನ ಮುತ್ಯಾನಿಗೂ ನೆನಪಿರಲಿಲ್ಲ. ನಳಿಗೆ ತೊಳೆಯುವುದನ್ನು ಮಾತ್ರ ಮುತ್ಯಾ ಚೆನ್ನಾಗಿ ವಿವರಿಸುತ್ತಿದ್ದ. ಹಾರಿಸಿದ ದಿನವೇ, ಎಷ್ಟೇ ದಣಿದಿದ್ದರೂ, ಕುದಿಯುವ ನೀರು ಹೊಯ್ಯಬೇಕು. ಆ ಕಾಲದ ಕೇಪು ಸುಟ್ಟಾಗ ಉಪ್ಪಿನ ಜಾತಿಯ ಒಂದು ಲೇಪ ಉಳಿಯುತ್ತಿತ್ತು, ಅದು ಗಾಳಿಯ ಪಸೆ ಹೀರಿ ಒಂದೇ ರಾತ್ರಿಯಲ್ಲಿ ಉಕ್ಕಿಗೆ ತುಕ್ಕು ತರುತ್ತಿತ್ತು. ಎಣ್ಣೆಗೆ ಉಪ್ಪು ಕರಗದು, ನೀರಿಗೆ ಕರಗುತ್ತದೆ. ಇದನ್ನು ರಸಾಯನಶಾಸ್ತ್ರ ಓದದ ಹುಡುಗನೊಬ್ಬ ಕೈಯಿಂದ ಕಲಿತಿದ್ದ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಹೈದರಾಬಾದ್ ರಾಜ್ಯದಲ್ಲಿ ಆಯುಧಗಳನ್ನು ಒಪ್ಪಿಸಬೇಕಾಯಿತು. ಮರುವರ್ಷ ಜಾಗೀರುಗಳೇ ರದ್ದಾದವು. ಮುತ್ಯಾನ ಜಾಗೀರದಾರರ ರೈಫಲ್ ಎಲ್ಲಿಗೆ ಹೋಯಿತೋ. ಹಾಗೆ ಹೋಗದೆ ಉಳಿದವುಗಳ ಪಾಡೂ ಹೆಚ್ಚು ಬೇರೆಯಲ್ಲ. 1960ರ ದಶಕ ಮುಗಿಯುವ ಹೊತ್ತಿಗೆ ಕೈನಾಕ್ ಈ ದೊಡ್ಡ ಶಿಕಾರಿ ತೋಟಾಗಳನ್ನು ಮಾಡುವುದನ್ನು ಕೈಬಿಟ್ಟಿತು. ನಮ್ಮಲ್ಲಿ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಶಿಕಾರಿಗೆ ತಡೆ ಬಿತ್ತು, ಬೀಳಬೇಕಾಗಿತ್ತು ಕೂಡ. 1980ರ ದಶಕದಲ್ಲಿ ಖಾಸಗಿ ಆಮದೂ ನಿಂತಿತು. ಪುಣೆಯ ಖಡಕಿಯಲ್ಲಿ 1869ರಿಂದ ಇರುವ ಸರಕಾರಿ ಕಾರ್ಖಾನೆ 12 ಬೋರ್ ತೋಟಾ ಮಾಡುತ್ತದೆ, .500 ಮಾಡುವುದಿಲ್ಲ. ಅರಮನೆಗಳ ಗೋಡೆಗಳಲ್ಲಿ, ಪಾಟೀಲರ ಪೆಟ್ಟಿಗೆಗಳಲ್ಲಿ ಆ ಬೆಲೆಬಾಳುವ ರೈಫಲ್ಲುಗಳು ಮೂಕವಾದವು.

ಕೆನೆತ್ ಆ್ಯಂಡರ್ಸನ್ನನ ರೈಫಲ್ ಇದಕ್ಕೆ ಕನ್ನಡಿಗರು ಬಲ್ಲ ಉದಾಹರಣೆ. ಹೈದರಾಬಾದಿನ ಬೊಲಾರಂನಲ್ಲಿ 1910ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಆತನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ನರಭಕ್ಷಕಗಳ ಬೆನ್ನುಹತ್ತಿದಾಗ ಆತನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ. ತೋಟಾ ಬಂದದ್ದು 1904ರಲ್ಲಿ. ಆತ ತನ್ನ ಮೊದಲ ಪುಸ್ತಕ ಪ್ರಕಟಿಸಿದ 1950ರ ದಶಕದಲ್ಲೇ ಅಮೆರಿಕದಲ್ಲಿ ಆ ತೋಟಾದ ತಯಾರಿಕೆ ನಿಲ್ಲುತ್ತ ಬಂದಿತ್ತು. ಓದುವಾಗ ನಾನು ಈಗ ಹುಲಿ ಎಲ್ಲಿ ಅವಿತಿದೆ ಎಂಬುದರ ಜೊತೆಗೆ ಚೀಲದಲ್ಲಿ ತೋಟಾ ಎಷ್ಟು ಉಳಿದಿರಬಹುದು ಎಂದೂ ಯೋಚಿಸುತ್ತೇನೆ. 2000ದ ನಂತರ ಹಳೆಯ ರೈಫಲ್ ಪ್ರಿಯರ ಒತ್ತಾಯಕ್ಕೆ .405 ಅಮೆರಿಕದಲ್ಲಿ ಮತ್ತೆ ತಯಾರಾಯಿತು. ಅದನ್ನು ಬಳಸಿದ ಕಾಡುಗಳಿಗೆ ಅದು ಬರಲಿಲ್ಲ, ಬರುವುದೂ ಬೇಡ.

ಹೊರದೇಶಗಳಲ್ಲಿ ಸತ್ತ ತೋಟಾವನ್ನು ಬದುಕಿಸುವುದೇ ಒಂದು ಸೂಕ್ಷ್ಮ ಕುಶಲಕಲೆಯಾಗಿದೆ. ಅಲ್ಲಿಯ ಹಿರಿಯ ಕುಶಲಿಗಳು ಹೇಳುವ ಮೊದಲ ಪಾಠ, ರೈಫಲ್ ಮೇಲೆ ಕೆತ್ತಿದ ಹೆಸರನ್ನು ನಂಬಬೇಡ ಎಂಬುದು. ಕುದಿಯುವ ನೀರಿಗಿಂತ ಕಡಿಮೆ ಶಾಖದಲ್ಲೇ ಕರಗುವ ಒಂದು ಮಿಶ್ರಲೋಹವಿದೆ. ಅದನ್ನು ತೋಟಾ ಕೂರುವ ಗೂಡಿಗೆ ಹೊಯ್ದು, ಆರಿದ ಮೇಲೆ ಹೊರತೆಗೆದು, ಆ ಪಡಿಯಚ್ಚನ್ನು ಅಳೆಯುತ್ತಾರೆ. ನಂತರ ಬಳಗದ ಬೇರೆ ಯಾವುದೋ ಚಿಪ್ಪನ್ನು ಹುಡುಕಿ ಅದಕ್ಕೆ ಒಗ್ಗಿಸುತ್ತಾರೆ. 1871ರ ಮಾರ್ಟಿನಿ-ಹೆನ್ರಿಯ ಚಿಪ್ಪನ್ನು ಇಂದು 24 ಬೋರಿನ ಹಿತ್ತಾಳೆ ಚಿಪ್ಪಿನಿಂದ ಮಾಡಿಕೊಳ್ಳುತ್ತಾರೆ. 2003ರಲ್ಲಿ ಕಾಠ್ಮಂಡುವಿನ ಹಳೆಯ ಅರಮನೆಯ ಆಯುಧಾಗಾರದಿಂದ ಸಾವಿರಾರು ಮಾರ್ಟಿನಿಗಳು ಅಮೆರಿಕಕ್ಕೆ ಹೋದಮೇಲೆ ಈ ಕಲೆಗೆ ಹೊಸ ಹುರುಪು ಬಂತು. ಬಡಿದು ಬಡಿದು ಗಡಸಾದ ಹಿತ್ತಾಳೆಯನ್ನು ಕಾಯಿಸಿ ಮೆತ್ತಗಾಗಿಸುವುದೂ ಇದರಲ್ಲಿ ಸೇರಿದೆ. ಅದು ನಮ್ಮ ಕಂಚುಗಾರರಿಗೆ ತಲೆಮಾರುಗಳಿಂದ ಗೊತ್ತಿದ್ದ ವಿದ್ಯೆ.

ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತೋಟಾ ತುಂಬುವುದು 1959ರ ಆಯುಧ ಕಾಯಿದೆಯಂತೆ ಅಪರಾಧ. ಅದು ಸರಿ ಎಂದೇ ನನ್ನ ಅಭಿಪ್ರಾಯ. ಹಿಂದೆ ಹೇಳಿದ ಮೂರು ಊಟದ ಕಥೆಯೇ ಅದಕ್ಕೆ ಸಾಕಷ್ಟು ಕಾರಣ. ಅದೇ ಕಾಯಿದೆಯ 45ನೇ ಕಲಮಿನಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಮಾದರಿಯ ಅಥವಾ ಪ್ರಾಚೀನ ಮೌಲ್ಯದ ಆಯುಧಕ್ಕೆ ಕಾಯಿದೆ ಅನ್ವಯಿಸದು, ಆದರೆ ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು. ತೋಟಾ ಸಿಗದ ರೈಫಲ್ ಹಾರುವುದಿಲ್ಲ ನಿಜ. ಆದರೆ ಹಾರಲು ಬರುವುದಿಲ್ಲ ಎನ್ನುವ ಹಾಗಿಲ್ಲ. ಆದ್ದರಿಂದ ಹಸಿದು ಮಲಗಿದ ಆ ರೈಫಲ್ಲುಗಳಿಗೂ ಲೈಸೆನ್ಸ್ ಬೇಕು, ನವೀಕರಣ ಬೇಕು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಒಪ್ಪಿಸಬೇಕು. ಜೊತೆಯ ಭಾಗಗಳೊಂದಿಗೆ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳನ್ನೂ ಅದೇ ಕಲಮು ಹೊರಗಿಟ್ಟಿದೆ. ಆಯಿಯ ಸೂಜಿಡಬ್ಬಿ ಆ ಸಾಲಿನ ನೆರಳಿನಲ್ಲಿದೆ.

ಈಗ ಕೊಡಗಿನ ಕಡೆ ನೋಡಿ. ಪ್ರತಿ ವರ್ಷ ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್‌ಪೋಳ್ದ್ ಹಬ್ಬದಲ್ಲಿ ಮನೆಮನೆಯ ಕೋವಿ ಹೂ ಮುಡಿದು ಪೂಜೆಗೆ ಕೂರುತ್ತದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆಯುಧ ಕಾಯಿದೆಯಿಂದ ಕೊಡವರಿಗೆ 1861ರಿಂದ ನಡೆದು ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಆ ಮನೆಗಳಲ್ಲೂ ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲೂ ಗಜದಿಂದ ಗಿಡಿಯುವ ಕೇಪಿನ ಕೋವಿ ಇಂದಿಗೂ ಮಾತಾಡುತ್ತದೆ. ಬೆಳೆ ಕಾಯುವುದಕ್ಕೆಂದು ಬಾಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ದಾರಿಯನ್ನು 1959ರ ಕಾಯಿದೆಯೇ ಬಿಟ್ಟಿದೆ. ನನಗೆ ಇದು ಬಹಳ ದಿನ ಒಗಟಾಗಿತ್ತು. ಲಂಡನ್ನಿನ ಶ್ರೇಷ್ಠ ಕಸುಬುದಾರರು ತಿಂಗಳುಗಟ್ಟಲೆ ತಿದ್ದಿ ಮಾಡಿದ ರೈಫಲ್ ಸತ್ತಿದೆ, ಅದಕ್ಕಿಂತ ಎರಡು ತಲೆಮಾರು ಹಿಂದಿನ ಕೋವಿ ಬದುಕಿದೆ. ಒಂದು ತನ್ನ ಊಟಕ್ಕೆ ಒಂದೇ ಒಂದು ಕಾರ್ಖಾನೆಯನ್ನು ನಂಬಿತ್ತು. ಇನ್ನೊಂದಕ್ಕೆ ಯಾವ ಅಳತೆಯ ಹಂಗೂ ಇರಲಿಲ್ಲ.

ಇದನ್ನೆಲ್ಲ ಬರೆಯಲು ನನಗೆ ಒಂದು ಸಂಕಟವೂ ಕಾರಣ. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಬಂದೂಕುಗಳಿವೆ, ತೋಪುಗಳಿವೆ. ಗುಂಡು ಎರೆಯುವ ಅಚ್ಚು, ಮದ್ದಿನ ಕೊಂಬು, ಕೇಪಿನ ಡಬ್ಬಿ, ತುಂಬುವ ಹತಾರ, ಖಾಲಿ ಚಿಪ್ಪು ಇವು ಸಿಕ್ಕಿದ್ದರೂ ಗುಜರಿಯ ತಕ್ಕಡಿಗೆ ಹೋಗಿವೆ. ಹಿತ್ತಾಳೆಗೆ ಕಿಲೋ ಲೆಕ್ಕದಲ್ಲಿ ಬೆಲೆ ಇದೆಯಲ್ಲ. ಬೀಸುವ ಕಲ್ಲು, ಒರಳು, ಸೇರು, ಪಾವು ಎಲ್ಲವನ್ನೂ ಬಿಸಾಡಿ ಊಟದ ತಟ್ಟೆಯೊಂದನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಇದು ನಮ್ಮ ಅಡುಗೆ ಎಂದ ಹಾಗಾಗಿದೆ. ಈ ಸೀಮೆಯ ಮನೆಗಳ ಮಾಡಗಳಲ್ಲಿ, ಮಾಳಿಗೆಯ ಡಬ್ಬಿಗಳಲ್ಲಿ ಅಂಥವು ಇನ್ನೂ ಇರಬಹುದು. ಹಿರಿಯರು ಇದ್ದರೆ ಕೇಳಿ ಬರೆದಿಡಿ. ತೂಕಕ್ಕೆ ಹಾಕುವ ಮುನ್ನ ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ತೋರಿಸಿ. ತುಂಬಿದ ಹಳೆಯ ತೋಟಾ ಸಿಕ್ಕರೆ ಮಾತ್ರ ಕೈ ಹಚ್ಚದೆ ಪೊಲೀಸರಿಗೆ ತಿಳಿಸಿ. ನೂರು ವರ್ಷವಾದರೂ ಅದರ ಕಿಡಿ ಆರಿರುವುದಿಲ್ಲ.

ಕಮಲಾಪುರದಲ್ಲಿ ಈಗ ಕೆಂಪು ಬಾಳೆಯ ತೋಟ ಕಾಯುವವರು ಹಂದಿ ಬಂದರೆ ಪಟಾಕಿ ಹಚ್ಚುತ್ತಾರೆ, ತಗಡು ಬಡಿಯುತ್ತಾರೆ. ಸೇಡಂ ಕಡೆಯ ಸಿಮೆಂಟ್ ಕಲ್ಲಿನ ಗಣಿಗಳಲ್ಲಿ ಮದ್ದು ಸಿಡಿದಾಗ ಹತ್ತಿರದ ಊರುಗಳ ಪಾತ್ರೆಗಳು ಅದುರುತ್ತವೆ. ಮದ್ದಿನ ಸದ್ದು ಈ ಸೀಮೆಯನ್ನು ಬಿಟ್ಟು ಹೋಗಿಲ್ಲ, ಅದರ ಕೆಲಸ ಬದಲಾಗಿದೆ.

ಕಳೆದ ವಾರ ನನ್ನ ಹೆಂಡತಿ ಹಳೆಯ ಸೀರೆಗಳನ್ನು ಹರವಿಕೊಂಡು ಮೊಮ್ಮಗಳಿಗೆ ಕೌದಿ ಹೊಲಿಯಲು ಕೂತಳು. ಸೂಜಿ ಎಲ್ಲಿ ಎಂದಳು. ನಾನು ಮೇಣದಬತ್ತಿ ಕರಗಿಸಿ ಆ ತಳದ ಕುಳಿಗೆ ಎರಡು ಹನಿ ಬಿಟ್ಟು, ಆರುವವರೆಗೆ ಊದಿ, ಸೂಜಿಗಳನ್ನು ಒಂದೊಂದಾಗಿ ಒಳಗೆ ಇಳಿಸಿ ಅವಳ ಕೈಗೆ ಕೊಟ್ಟೆ. ಹನ್ನೊಂದು ಇದ್ದವು. ಅವಳು ಎಣಿಸಿ ತೆಗೆದುಕೊಂಡಳು.